ಆ ಎರಡು ಸಾಲು ಯಾಕೆ ಬಿಟ್ಟೆ?

ಪ್ರೀತಿಯ ತಮ್ಮಾ,

‘ನೀವು’ ಅಂತಲೇ ಶುರು ಮಾಡಿದ್ದೆ. ಆದರೆ ನಿನ್ನ ಇಪ್ಪತ್ತೆರಡು ಪುಟ ಓದಿ ಮುಗಿಸುವ ಹೊತ್ತಿಗೆ ಸ್ವಲ್ಪ ಬೈಯಬೇಕು ಅನ್ನಿಸಿತು. ಬೈಯುವುದಕ್ಕೆ ‘ನೀವು’ ಸರಿಹೋಗುವುದಿಲ್ಲ.

ಸಮುದ್ರ ಏರಿ ಮುಳುಗಿಹೋಗುತ್ತದೆ ಅಂತ ಎಲ್ಲರೂ ಹೇಳುವ ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ತುವಾಲುವಿನ ಸಾಕ್ಷ್ಯಚಿತ್ರ ನೋಡಿ ನಿದ್ದೆಗೆಟ್ಟು ಬರೆದೆ, ಎರಡು ಕಡೆಯಿಂದ ವಾಪಸ್ ಬಂತು, ಇನ್ನು ಬರೆಯುವುದೇ ಬಿಡಲಾ ಸರ್ ಅಂತ ಕೇಳಿದ್ದೀಯ. ಬಿಡುವುದು ನಿನ್ನಿಷ್ಟ. ಪ್ಯಾರಾ ಹೇಗೆ ಕಟ್ಟಬೇಕು, ಯಾವ ಪತ್ರಿಕೆಗೆ ಕಳಿಸಬೇಕು, ಇದನ್ನೆಲ್ಲ ಬೇರೆ ಯಾರಾದರೂ ಹೇಳಿಕೊಡುತ್ತಾರೆ. ನನ್ನ ತಕರಾರು ಪತ್ರದ ಕೊನೆಯಲ್ಲಿ ನೀನು ಸುಮ್ನೆ ಸೇರಿಸಿದ ಒಂದು ಮಾತಿನ ಮೇಲೆ. ‘ಅಲ್ಲಿನ ನೆಲ ಒಟ್ಟಾರೆ ಹೆಚ್ಚಾಗಿದೆ ಅಂತ ಒಂದು ಅಧ್ಯಯನ ಸಿಕ್ಕಿತು, ಲೇಖನದ ಓಘ ಕೆಡುತ್ತೆ ಅಂತ ಬಿಟ್ಟೆ.’

ಬಿಟ್ಟೆ! ಎಷ್ಟು ಸಲೀಸಾಗಿ ಬರೆದಿದ್ದೀಯ ನೋಡು.

ನ್ಯೂಜಿಲೆಂಡಿನ ಸಂಶೋಧಕರು 101 ದ್ವೀಪಗಳ 1971ರಿಂದ 2014ರವರೆಗಿನ ಚಿತ್ರಗಳನ್ನು ಹೋಲಿಸಿ ನೋಡಿದ ಅಧ್ಯಯನ ಅದು, 2018ರಲ್ಲಿ ಬಂತು. ಸಮುದ್ರ ಏರುತ್ತಲೇ ಇದ್ದ ಆ ಕಾಲದಲ್ಲಿ ತುವಾಲುವಿನ ನೆಲ ಶೇ 2.9ರಷ್ಟು ಹೆಚ್ಚಿತ್ತು. ಕೆಲವು ದ್ವೀಪ ಸವೆದಿದ್ದವು, ಜಾಸ್ತಿ ದ್ವೀಪಗಳು ಬೆಳೆದಿದ್ದವು. ಅಲೆ ಬರೀ ಕೊರೆಯುವುದಿಲ್ಲ, ಮುರಿದ ಹವಳವನ್ನೂ ಮರಳನ್ನೂ ತಂದು ಸುರಿಯುತ್ತದೆ. 1972ರ ಬೆಬೆ ಚಂಡಮಾರುತ ಮನೆಗಳನ್ನು ಕೆಡವಿತು, ಜೊತೆಗೇ ರಾಜಧಾನಿ ಫುನಾಫುಟಿಯ ದಡದುದ್ದಕ್ಕೂ ಹವಳದ ಚೂರುಗಳ ದೊಡ್ಡ ದಿಬ್ಬವನ್ನು ಹಾಕಿಹೋಯಿತು.

ಇದನ್ನು ಬರೆದರೆ ಅಪಾಯವೇ ಇಲ್ಲ ಅಂತ ಓದುಗರು ತಿಳಿದಾರು ಅಂತ ನಿನಗೆ ಹೆದರಿಕೆ, ಅಲ್ವಾ? ಇಲ್ಲೇ ನೀನು ಸೋತೆ. ದೊಡ್ಡ ಉಬ್ಬರದ ದಿನ ಫುನಾಫುಟಿಯಲ್ಲಿ ನೀರು ದಡ ದಾಟಿಯೇ ಬರಬೇಕಾಗಿಲ್ಲ. ಹವಳದ ನೆಲದ ತುಂಬ ತೂತು, ಹಾಗಾಗಿ ಊರಿನ ನಡುವೆಯೇ ಕಾಲ ಬುಡದಿಂದ ಗುಳುಗುಳು ಅಂತ ಉಕ್ಕುತ್ತದೆ. ಪುಲಕಾ ಅಂತ ಅರ್ಧ ಸಾಲು ಬರೆದು ಮುಂದೆ ಹೋಗಿದ್ದೀಯ. ನಮ್ಮ ಕೆಸುವಿನ ಬಳಗದ ಗೆಡ್ಡೆ ಅದು. ಹೊಂಡ ತೋಡಿ, ನೆಲದಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತ ಸಿಹಿನೀರಿಗೆ ಬೇರು ತಾಗುವ ಹಾಗೆ ನೆಡುತ್ತಾರೆ, ಆ ಹೊಂಡಕ್ಕೆ ಉಪ್ಪು ಹತ್ತಿದರೆ ಗೆಡ್ಡೆ ಕೊಳೆಯುತ್ತದೆ. ದ್ವೀಪ ಅಗಲವಾಗುತ್ತಿದೆ, ತಿನ್ನುವ ಗೆಡ್ಡೆ ಕೊಳೆಯುತ್ತಿದೆ. ನೀನು ‘ಕಣ್ಣೀರ ಕಡಲು’ ಅಂತ ಏಳು ಸಲ ಬರೆದಿದ್ದೀಯ (ಎಣಿಸಿದೆ), ಈ ಮಾತಿನ ಹತ್ತಿರ ಅವು ಯಾವುವೂ ನಿಲ್ಲುವುದಿಲ್ಲ.

2021ರಲ್ಲಿ ಅಲ್ಲಿನ ಮಂತ್ರಿ ಸೈಮನ್ ಕೋಫೆ ಕೋಟು ಟೈ ಹಾಕಿಕೊಂಡು ಮೊಣಕಾಲುದ್ದ ಸಮುದ್ರದಲ್ಲಿ ನಿಂತು ಗ್ಲಾಸ್ಗೋದ ಹವಾಮಾನ ಸಮ್ಮೇಳನಕ್ಕೆ ಭಾಷಣ ಮಾಡಿದರು. ಅವರ ನೆಲ, ಅವರ ಕಾಲು, ಅವರು ಏನು ಬೇಕಾದರೂ ಮಾಡಲಿ. ಕುರ್ಚಿಯಲ್ಲಿ ಕೂತ ನಾವು ಮಾತ್ರ ಅತ್ತು ತೋರಿಸಬಾರದು.

ಇಷ್ಟು ಸಿಟ್ಟು ಯಾಕೆ ಅಂದರೆ, ನಾನೂ ಬಿಟ್ಟವನೇ. ನಿನ್ನ ವಯಸ್ಸಿನಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಹೋದ ಊರೊಂದರ ಬಗ್ಗೆ ಬರೆದೆ. ಮುಳುಗಡೆ ಅಂದರೆ ನಮ್ಮವರಿಗೆ ವಿವರಿಸಬೇಕಾಗಿಲ್ಲವಲ್ಲ. ಎಲ್ಲರೂ ಹೊಗಳಿದರು, ಸಭೆಗಳಲ್ಲಿ ಓದಿಸಿದರು. ಆ ಊರಲ್ಲಿ ಒಂದು ಮನೆಯವರಿಗೆ ಹೊರಡುವುದು ಖುಷಿಯಾಗಿತ್ತು. ರಸ್ತೆ ಪಕ್ಕ ಜಾಗ ಸಿಕ್ಕಿತ್ತು, ಮಗಳು ಶಾಲೆಗೆ ಹೋಗಬಹುದಿತ್ತು. ಅವರನ್ನು ಬಿಟ್ಟೆ, ನಿನ್ನ ಹಾಗೇ, ಓಘಕ್ಕೋಸ್ಕರ. ಎಷ್ಟೋ ವರ್ಷದ ಮೇಲೆ ಒಂದು ಮದುವೆಮನೆಯಲ್ಲಿ ಆ ಮಗಳು ಸಿಕ್ಕಿ, ‘ನಮ್ಮನೆ ಮಾತ್ರ ಯಾಕೆ ಬರೀಲಿಲ್ಲ ನೀವು?’ ಅಂತ ನಗುತ್ತಲೇ ಕೇಳಿದಳು. ಎಲೆ ಮುಂದೆ ಕೂತಿದ್ದೆ. ಊಟ ಸೇರಲಿಲ್ಲ.

ಅದಕ್ಕೇ ಕೇಳುತ್ತೇನೆ, ಫಲೆಪಿಲಿ ಒಪ್ಪಂದ ನಿನ್ನ ಲೇಖನದಲ್ಲಿ ಎಲ್ಲಿ? ಆಸ್ಟ್ರೇಲಿಯಾ ವರ್ಷಕ್ಕೆ 280 ತುವಾಲು ಜನರನ್ನು ಕರೆದುಕೊಳ್ಳುತ್ತದೆ, ಚೀಟಿ ಎತ್ತಿ. 2025ರ ಮೊದಲ ಸರದಿಗೆ ದೇಶದ ಅರ್ಧಕ್ಕಿಂತ ಹೆಚ್ಚು ಜನ, ಮನೆಮಂದಿ ಸಮೇತ, ಹೆಸರು ಬರೆಸಿದರು. ಅವರಲ್ಲಿ ಅಳುತ್ತಾ ಬರೆಸಿದವರೂ ಇರಬಹುದು, ಮಕ್ಕಳ ಓದಿಗೆ, ಕೆಲಸಕ್ಕೆ ಅಂತ ಬರೆಸಿದವರೂ ಇರಬಹುದು. ನೀನು ಎಲ್ಲರನ್ನೂ ದಡದ ಮೇಲೆ ಸಾಲಾಗಿ ನಿಲ್ಲಿಸಿ ಸೂರ್ಯಾಸ್ತ ತೋರಿಸಿದ್ದೀಯ.

ಹಾಗಂತ ಎಲ್ಲ ಕೆಟ್ಟದ್ದು ಅಂತಲ್ಲ ಮಾರಾಯ. ಯುದ್ಧದ ಕಾಲದಲ್ಲಿ ಅಮೆರಿಕನ್ನರು ಹಾಕಿದ ರನ್‌ವೇ ಮೇಲೆ ಸಂಜೆ ಊರಿಗೆ ಊರೇ ವಾಲಿಬಾಲ್, ಫುಟ್‌ಬಾಲ್ ಆಡುತ್ತದೆ, ವಿಮಾನ ಬರುವ ಮುಂಚೆ ಸೈರನ್ ಕೂಗಿದರೆ ಎಲ್ಲರೂ ಎದ್ದು ಬದಿಗೆ ಸರಿಯುತ್ತಾರೆ ಅಂತ ಹದಿನೇಳನೇ ಪುಟದಲ್ಲಿದೆ. ಅದನ್ನು ಎರಡು ಸಲ ಓದಿದೆ. ಅಲ್ಲಿ ಒಂದೇ ಒಂದು ವಿಶೇಷಣ ಇಲ್ಲ, ಗಮನಿಸಿದೆಯಾ?

ರನ್‌ವೇಯಿಂದಲೇ ಶುರು ಮಾಡು. ಆ ಶೇ 2.9 ಮೂರನೇ ಪುಟದೊಳಗೆ ಬರಲಿ, ಓಘ ಕೆಟ್ಟರೆ ಕೆಡಲಿ. ಮತ್ತೆ ಈ ಸಲ ಮೊಬೈಲಿಗೆ ಕಳಿಸಬೇಡ, ಪ್ರಿಂಟ್ ತೆಗೆಸಿ ಅಂಚೆಗೆ ಹಾಕು. ಮೊನ್ನೆ ತಾನೇ ಕಣ್ಣಿನ ಆಪರೇಷನ್ ಆಗಿದೆ, ಡಾಕ್ಟರು ಇನ್ನೂ ಹದಿನೈದು ದಿನ ಸ್ಕ್ರೀನ್ ನೋಡಬೇಡಿ ಅಂದಿದ್ದಾರೆ.

ನಿನ್ನ ಅಣ್ಣ