ಹಳೆಯ ವಿಲಾಯತಿ ಚಿತ್ರಗಳ ಅಂಚಿಗೆ ಕತ್ತರಿ ಬೇಡ

ಮಾನ್ಯ ಸಂಪಾದಕರೆ,

ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಹಳೆಯ ವಾಡೆಗಳನ್ನು ಕೆಡವುವಾಗ ಕಂಬ, ತೊಲೆ, ಬಾಗಿಲುಗಳಿಗೆ ಗಿರಾಕಿಗಳು ಸಾಲುಗಟ್ಟುತ್ತಾರೆ. ಪಡಸಾಲೆಯ ಗೋಡೆಯಲ್ಲಿದ್ದ, ಅಟ್ಟದ ಮೇಲೆ ಸುರುಳಿ ಸುತ್ತಿಟ್ಟಿದ್ದ ವಿಲಾಯತಿ ಅಚ್ಚಿನ ಚಿತ್ರಗಳು ಮಾತ್ರ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತವೆ. ಉಳಿದವುಗಳ ಗತಿಯೂ ಚೆನ್ನಾಗಿಲ್ಲ. ಅಭಿಮಾನದಿಂದ ಉಳಿಸಿಕೊಂಡವರು ಹೊಸ ಕಟ್ಟು ಹಾಕಿಸಲು ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಕಟ್ಟಿನ ಅಳತೆಗೆ ಕೂಡಿಸಲು ನಾಲ್ಕೂ ಅಂಚು ಕತ್ತರಿಸಿ, ಮರಗೆಲಸದ ಬಿಳಿ ಗೋಂದು ಬಳಿದು ಪ್ಲೈವುಡ್ಡಿಗೆ ಅಂಟಿಸುತ್ತಾರೆ. ಇನ್ನೂರು ವರ್ಷ ಬಾಳಿದ ಕಾಗದ ಅರ್ಧ ತಾಸಿನಲ್ಲಿ ಕೆಡುತ್ತದೆ. ಮನೆಯವರೂ ಕಟ್ಟು ಹಾಕುವವರೂ ಈ ಕತ್ತರಿಯನ್ನು ಕೆಳಗಿಡಬೇಕು ಎಂಬುದೇ ನನ್ನ ಕೋರಿಕೆ.

ಚಿತ್ರದ ಜಾತಕ ಇರುವುದೇ ಅಂಚಿನಲ್ಲಿ. ಬ್ರಿಟನ್ನಿನ 1735ರ ಕಾಯ್ದೆಯ ಪ್ರಕಾರ, ಕೊರೆದು ಅಚ್ಚು ಹಾಕಿದ ಚಿತ್ರಕ್ಕೆ ಕೃತಿಸ್ವಾಮ್ಯದ ಹಕ್ಕು ಸಿಗಬೇಕಾದರೆ ಹಕ್ಕುದಾರನ ಹೆಸರು ಮತ್ತು ಪ್ರಕಟಣೆಯ ತಾರೀಖು ಅಚ್ಚಿನ ತಗಡಿನ ಮೇಲೆಯೇ ಇರಬೇಕಿತ್ತು. ಹಾಗಾಗಿ ಆನಂತರದ ಇಂಗ್ಲಿಷ್ ಚಿತ್ರಗಳ ಕೆಳಗೆ ಎಡಕ್ಕೆ ಬರೆದವನ ಹೆಸರು, ಜೊತೆಗೆ ಲ್ಯಾಟಿನ್ನಿನಲ್ಲಿ 'ಪಿಂಕ್ಸಿಟ್' ಅಥವಾ 'ಡೆಲಿನಿಯಾವಿಟ್' (ಬರೆದನು) ಎಂದಿರುತ್ತದೆ. ಬಲಕ್ಕೆ ಕೊರೆದವನ ಹೆಸರು, ಜೊತೆಗೆ 'ಸ್ಕಲ್ಪ್ಸಿಟ್' (ಕೊರೆದನು). ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರಕಾಶಕನ ಹೆಸರು, ಬೀದಿ, ತಾರೀಖು. ಇವೆಲ್ಲದರ ಹೊರಗೆ, ತಾಮ್ರದ ತಗಡನ್ನು ಒದ್ದೆ ಕಾಗದದ ಮೇಲೆ ಭಾರೀ ಒತ್ತಡದಲ್ಲಿ ಒತ್ತಿದಾಗ ಮೂಡಿದ ಚೌಕಾಕಾರದ ತಗ್ಗು. ಕತ್ತರಿ ಮೊದಲು ನುಂಗುವುದು ಈ ಕೆಳಗಿನ ಒಂದೂವರೆ ಇಂಚನ್ನೇ.

ನಮ್ಮ ನಾಡಿನ ಮಟ್ಟಿಗೆ ಇದರ ಬೆಲೆ ದೊಡ್ಡದು. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್‌ನ ಮೈಸೂರು ಸೀಮೆಯ ನೋಟಗಳು 1794ರಲ್ಲಿ ಅಚ್ಚಾದವು. ಜೇಮ್ಸ್ ಹಂಟರ್‌ನ ಬಣ್ಣದ ಆಕ್ವಾಟಿಂಟ್‌ಗಳು (ತಗಡಿಗೆ ರಾಳ ಉದುರಿಸಿ ಆಮ್ಲದಿಂದ ಕೊರೆದ ಅಚ್ಚುಗಳು) 1805ರಲ್ಲಿ. ಶ್ರೀರಂಗಪಟ್ಟಣದ ಪತನವನ್ನು ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಲಂಡನ್ನಿನಲ್ಲಿ ಬೃಹತ್ ಪರದೆಯ ಮೇಲೆ ಬರೆದು ತೋರಿಸಿದ. ಅದನ್ನು ವೆಂಡ್ರಾಮಿನಿ ತಗಡಿಗೆ ಇಳಿಸಿದ. ಇಂಥ ಚಿತ್ರಗಳಿಗೆ ಬೇಡಿಕೆ ಇರುವುದರಿಂದ ನಕಲುಗಳೂ ಬಂದಿವೆ. ಅಂಚು ಹೋದ ಮೇಲೆ ಅಸಲು ಯಾವುದು, ನಕಲು ಯಾವುದು ಎಂದು ಹೇಳಲು ಪಳಗಿದ ಕಣ್ಣೂ ತಿಣುಕಬೇಕಾಗುತ್ತದೆ.

ಗುರುತಿಸಲು ಬೇಕಾದದ್ದು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಮತ್ತು ಒಂದು ಟಾರ್ಚು, ಅಷ್ಟೆ. ಟಾರ್ಚನ್ನು ಕಾಗದಕ್ಕೆ ಸಮತಟ್ಟಾಗಿ, ಪಕ್ಕದಿಂದ ಹಿಡಿದರೆ ತಗಡಿನ ತಗ್ಗು ನೆರಳಾಗಿ ಎದ್ದು ಕಾಣುತ್ತದೆ. ಆಮೇಲೆ ಭೂತಗನ್ನಡಿ. ಸಾಲಾಗಿ, ಒಂದೇ ಅಂತರದಲ್ಲಿ ಚುಕ್ಕೆಗಳು ಕಂಡರೆ ಅದು ಫೋಟೋ ತೆಗೆದು ಮಾಡಿದ ಅಚ್ಚು. ಆ ಹಾಫ್‌ಟೋನ್ ಪದ್ಧತಿ ಬಳಕೆಗೆ ಬಂದದ್ದು 1880ರ ದಶಕದಲ್ಲಿ. ಹಾಗಾಗಿ ಕೆಳಗೆ 1794 ಎಂದು ಬರೆದಿದ್ದರೂ ಅದು ಆಗಿನದಲ್ಲ. ಉಳಿಯಿಂದ ಕೊರೆದ ಎನ್‌ಗ್ರೇವಿಂಗ್‌ನಲ್ಲಿ ಗೆರೆ ನಡುವೆ ಉಬ್ಬಿ ತುದಿಯಲ್ಲಿ ಚೂಪಾಗುತ್ತದೆ. ಆಮ್ಲದಿಂದ ಕೊರೆದ ಎಚಿಂಗ್‌ನಲ್ಲಿ ತುದಿ ಮೊಂಡು. ಆಕ್ವಾಟಿಂಟ್‌ನ ಆಕಾಶವನ್ನು ನೋಡಿದರೆ ಚೊಕ್ಕ ಬಣ್ಣದ ಬದಲು ಸಣ್ಣ ಬಿಳಿ ಕಣಗಳ ಸುತ್ತ ಹೆಣೆದ ಕಪ್ಪು ಬಲೆ ಕಾಣುತ್ತದೆ: ತಗಡಿಗೆ ಉದುರಿಸಿದ ರಾಳದ ಕಣ ಕೂತ ಜಾಗಕ್ಕೆ ಆಮ್ಲ ಮುಟ್ಟಿರುವುದಿಲ್ಲ, ಸುತ್ತ ಕೊರೆದಿರುತ್ತದೆ. ಇದನ್ನು ಒಮ್ಮೆ ಸರಿಯಾಗಿ ನೋಡಿದವರು ಮತ್ತೆ ಮೋಸ ಹೋಗುವುದು ಅಪರೂಪ. ಕಲ್ಲಚ್ಚಿನಲ್ಲಿ, ಅಂದರೆ ಲಿಥೋಗ್ರಾಫ್‌ನಲ್ಲಿ, ಮೇಣದ ಕಡ್ಡಿ ಎಳೆದಂಥ ತರಿ ಇರುತ್ತದೆ, ತಗಡಿನ ತಗ್ಗು ಇರುವುದಿಲ್ಲ.

ಕಾಗದವನ್ನು ಬೆಳಕಿಗೆ ಹಿಡಿದಾಗ ಒತ್ತಾದ ಗೆರೆಗಳೂ, ಅವುಗಳಿಗೆ ಅಡ್ಡವಾಗಿ ಸುಮಾರು ಒಂದೊಂದು ಇಂಚಿಗೆ ಒಂದು ಗೆರೆಯೂ ಕಂಡರೆ ಅದು ಹಳೆಯ ಕೈಕಾಗದ ಇರಬಹುದು. ವಾಟ್‌ಮನ್ ಮೊದಲಾದ ಕಾರ್ಖಾನೆಗಳ ನೀರುಗುರುತಿನಲ್ಲಿ ಇಸವಿಯೂ ಇದ್ದರೆ, ಚಿತ್ರ ಅದಕ್ಕಿಂತ ಹಿಂದಿನದಾಗಲಾರದು ಎಂದು ಮಾತ್ರ ತಿಳಿಯಬೇಕು. ಅದೇ ವರ್ಷ ಅಚ್ಚಾಯಿತು ಎಂದಲ್ಲ.

ಹೊಸದಾಗಿ ಸಂಗ್ರಹಕ್ಕೆ ಇಳಿಯುವವರಿಗೆ ಒಂದು ಎಚ್ಚರಿಕೆ. 1842ರಲ್ಲಿ ಶುರುವಾದ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆಯ ಮರದಚ್ಚಿನ ಹಾಳೆಗಳು ಯಥೇಚ್ಛ ಸಿಗುತ್ತವೆ. ಹಿಂಬದಿಯಲ್ಲಿ ಸುದ್ದಿಯ ಅಚ್ಚು ಇದ್ದರೆ ಅದು ಪತ್ರಿಕೆಯಿಂದ ಬಿಡಿಸಿದ ಹಾಳೆ. ಇವು ಅಚ್ಚಾದದ್ದು ಕಪ್ಪು ಬಿಳುಪಿನಲ್ಲಿ. ಇತ್ತೀಚೆಗೆ ಬಣ್ಣ ತುಂಬಿ ದುಬಾರಿ ಬೆಲೆ ಹೇಳುತ್ತಾರೆ. ಮಡಿಕೆ ಸವೆದ ಕಡೆ ಬಣ್ಣ ಕಾಗದದೊಳಕ್ಕೆ ಹೀರಿಕೊಂಡಿದ್ದರೆ ಮಡಿಕೆ ಮೊದಲು, ಬಣ್ಣ ಆಮೇಲೆ.

ನಮ್ಮಲ್ಲಿ ಹೆಚ್ಚು ಸಿಗುವುದು ಜರ್ಮನಿಯ ಬಣ್ಣದ ಕಲ್ಲಚ್ಚುಗಳು. ದೇವರ ಪಟಗಳಿವೆ, ಬೈಬಲ್ ಚಿತ್ರಗಳಿವೆ. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ 1837ರಲ್ಲೇ ಧಾರವಾಡಕ್ಕೆ ಬಂದಿತ್ತು. 'ಜರ್ಮನಿಯಲ್ಲಿ ಮುದ್ರಿತ' ಎಂದು ಇಂಗ್ಲಿಷಿನಲ್ಲಿ ಇದ್ದರೆ ಸಾಮಾನ್ಯವಾಗಿ ಅದು ಸರಕಿನ ಗುರುತಿನ ಕುರಿತ ಬ್ರಿಟನ್ನಿನ 1887ರ ಕಾಯ್ದೆಯ ನಂತರದ್ದು. ಜವಳಿ ಅಂಗಡಿಗಳ ಹಳೆಯ ಕಪಾಟುಗಳಲ್ಲಿ ವಿಲಾಯತಿ ಬಟ್ಟೆಯ ತಾನುಗಳ ಮೇಲೆ ಅಂಟಿಸುತ್ತಿದ್ದ ಹೊಳಪಿನ ಚೀಟಿಗಳೂ ಉಳಿದಿರುತ್ತವೆ. ಅವನ್ನು ಬಿಡಿಸಲು ನೀರಿನಲ್ಲಿ ನೆನೆಹಾಕಬಾರದು. ಹೊಂಬಣ್ಣ ಎದ್ದು ಹೋಗುತ್ತದೆ.

ಇನ್ನು ಕಟ್ಟು ಹಾಕುವ ರೀತಿ. ಚಿತ್ರ ಗಾಜಿಗೆ ತಾಗಬಾರದು, ಕನಿಷ್ಠ 3 ಮಿಲಿಮೀಟರ್ ಅಂತರ ಬೇಕು. ತಾಗಿದರೆ ಮಳೆಗಾಲದಲ್ಲಿ ಬೆವರಿ ಅಂಟಿಕೊಳ್ಳುತ್ತದೆ. ಸುತ್ತಲಿನ ಮೌಂಟ್ ಬೋರ್ಡ್ ಆಮ್ಲರಹಿತವಾಗಿರಬೇಕು. ಅಗ್ಗದ ಬೋರ್ಡು ಕೆಲವೇ ವರ್ಷಗಳಲ್ಲಿ ಚಿತ್ರದ ಸುತ್ತ ಕಂದು ಗೆರೆ ಸುಡುತ್ತದೆ. ಚಿತ್ರ ಕಾಣಲು ಬೋರ್ಡಿನಲ್ಲಿ ಮಾಡುವ ಕಿಟಕಿಯನ್ನು ತಗಡಿನ ತಗ್ಗಿಗಿಂತ ಎಲ್ಲ ಕಡೆ 5 ಮಿಲಿಮೀಟರ್ ಹೊರಗೆ ಕತ್ತರಿಸಿದರೆ ಅಕ್ಷರಗಳೂ ಕಾಣುತ್ತವೆ. ಅಂಚು ಅಗಲವಾಗಿದ್ದರೆ ದೊಡ್ಡ ಕಟ್ಟು ಹಾಕಿಸಿ. ಕಟ್ಟಿಗೆ ಇನ್ನೊಂದು ಅಡಿ ಪಟ್ಟಿ ಸಿಗುತ್ತದೆ, ಅಂಚು ಸಿಗುವುದಿಲ್ಲ.

ಚಿತ್ರವನ್ನು ಮೇಲಿನ ಎರಡು ಕಡೆ ಮಾತ್ರ, ಎರಡು ಮೂರು ಸೆಂಟಿಮೀಟರಿನ ಜಪಾನಿ ಕಾಗದದ ಪಟ್ಟಿಯಿಂದ ಹಿಡಿಸಬೇಕು. ಕೆಳಗೆ ಬಿಟ್ಟಿರಬೇಕು, ಏಕೆಂದರೆ ಆಷಾಢದಲ್ಲಿ ಕಾಗದ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲ್ಕೂ ಕಡೆ ಅಂಟಿಸಿದರೆ ಅಲೆಯೇಳುತ್ತದೆ, ಕೊನೆಗೆ ಹರಿಯುತ್ತದೆ. ಅಂಟು ಗೋಧಿಯ ಪಿಷ್ಟದ್ದು: ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು, ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಕೈಯಾಡಿಸಿ, ಸೋಸಿ. ಪುಸ್ತಕ ಕಟ್ಟುವವರು ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವ ರೂಢಿಯಿದೆ. ದಯವಿಟ್ಟು ಬೆರೆಸಬೇಡಿ, ತಾಮ್ರದ ಅಂಶ ಕಾಗದವನ್ನೇ ತಿನ್ನುತ್ತದೆ. ಸೆಲೋಟೇಪಿನ ಅಂಟು ಕಾಲಕ್ರಮೇಣ ಕಂದಾಗಿ ಮುಂಬದಿಗೆ ಇಳಿಯುತ್ತದೆ. ಲ್ಯಾಮಿನೇಶನ್ ಮಾಡಿಸಿದರಂತೂ ಹಿಂದಿರುಗುವ ದಾರಿಯೇ ಇಲ್ಲ.

ಧಾರವಾಡದ ಜಿಟಿಜಿಟಿ ಮಳೆಗೆ ಮೊದಲು ಬಲಿಯಾಗುವುದು ಹೊರಗೋಡೆಗೆ ತೂಗುಹಾಕಿದ ಚಿತ್ರಗಳು. ಒಳಗೋಡೆ ಆರಿಸಿ, ಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಎರಡು ಬೂಚಿನ ತುಂಡು ಅಂಟಿಸಿ ಗಾಳಿಯಾಡಲು ಬಿಡಿ. ಗಾಳಿಯ ತೇವಾಂಶ ಶೇ 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ, ಕಂದು ಚುಕ್ಕೆ ಏಳುತ್ತದೆ. ಹಿಡಿದ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಿಸಿಲಿಗೂ ಹಾಕಬೇಡಿ. ನೆರಳಲ್ಲಿ ಒಣಗಿಸಿ, ಮೆತ್ತನೆಯ ಕುಂಚದಿಂದ ಮನೆಯ ಹೊರಗೆ ಕೊಡವಿ. ತೈಲವರ್ಣದ ಚಿತ್ರಗಳಿಗೆ ಆಲೂಗಡ್ಡೆ, ನಿಂಬೆಹುಳಿ ಉಜ್ಜುವ ಪದ್ಧತಿಯೂ ನಿಲ್ಲಲಿ. ಬಿರುಕಿನೊಳಗೆ ಇಳಿದ ತೇವ ಬಣ್ಣವನ್ನು ಪದರುಪದರಾಗಿ ಎಬ್ಬಿಸುತ್ತದೆ. ಅವನ್ನು ತಜ್ಞರಿಗೇ ಬಿಡಬೇಕು.

ಮಾರುವವರಿಗೂ ಒಂದು ಮಾತು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವರ್ಣಚಿತ್ರ, ಕಲಾಕೃತಿಗಳು ಪುರಾವಸ್ತುಗಳು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ; ಆನ್‌ಲೈನಿನಲ್ಲಿ ಗಿರಾಕಿ ಸಿಕ್ಕನೆಂದು ಅಂಚೆಗೆ ಹಾಕಿದರೂ ಅಪರಾಧವೇ. ಅನುಮಾನವಿದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ವಲಯ ಕಚೇರಿ ಧಾರವಾಡದಲ್ಲೇ ಇದೆ, ವಿಚಾರಿಸಬಹುದು.

ನಮ್ಮ ಚಿತ್ರಕಲಾ ಕಾಲೇಜುಗಳು ವರ್ಷಕ್ಕೊಂದು ದಿನ ಮೇಜು ಹಾಕಿ, ಜನ ತರುವ ಹಳೆಯ ಚಿತ್ರಗಳನ್ನು ಗುರುತಿಸಿಕೊಡಲಿ. ಕಟ್ಟು ಹಾಕುವವರನ್ನೂ ಕರೆದು ಅಂಟು, ಬೋರ್ಡುಗಳ ವಿಷಯ ಕೈಯಾರೆ ಕಲಿಸಲಿ. ಅಲ್ಲಿಯವರೆಗೆ, ಹಳೆಯ ಕಟ್ಟು ಬಿಚ್ಚುವ ಮುನ್ನ ಮುಂಬದಿ, ಹಿಂಬದಿ, ಕೆಳಗಿನ ಅಕ್ಷರಗಳ ಫೋಟೋ ತೆಗೆದುಕೊಳ್ಳಿ. ಹಿಂಬದಿಗೆ ಒತ್ತಾಗಿ ತುಂಬಿದ ಹಳೆಯ ಪತ್ರಿಕೆಯ ತುಂಡೋ, ಕಟ್ಟು ಹಾಕಿದ ಅಂಗಡಿಯ ಚೀಟಿಯೋ ಸಿಕ್ಕರೆ ಆ ಚಿತ್ರ ಯಾವಾಗ, ಎಲ್ಲಿ ಗೋಡೆ ಏರಿತೆಂದು ತಿಳಿಯುತ್ತದೆ. ಅದನ್ನು ಎಸೆಯದೆ ಲಕೋಟೆಯಲ್ಲಿ ಹಾಕಿ, ಹೊಸ ಕಟ್ಟಿನ ಹಿಂದೆ ಹೊರಬದಿಗೆ ಸಿಕ್ಕಿಸಲು ಅಂಗಡಿಯವರಿಗೆ ಹೇಳಿ.

– ಹಳೆಯ ಮುದ್ರಿತ ಚಿತ್ರಗಳ ಸಂಗ್ರಾಹಕ, ಧಾರವಾಡ