ಗೇಟಿನ ಹೊರಗೆ ನಿಂತ ಲಾರಿಯನ್ನೂ ಲೆಕ್ಕಕ್ಕೆ ತಗೊ

ರಾಜಾಜಿನಗರ, ಬೆಂಗಳೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಬಿಡದಿಯಲ್ಲಿ ಲಾಜಿಸ್ಟಿಕ್ಸ್ ಪ್ಲಾನಿಂಗ್ ಕೆಲಸಕ್ಕೆ ನೀನು ಸೇರಿದ ವಿಷಯ ನಿಮ್ಮಪ್ಪ ಹೇಳಿದ. ಲಾರಿ ಕಳಿಸುವವರ ಮನೆ ಹುಡುಗಿ ಈಗ ಲಾರಿ ಕರೆಸುವ ಕಡೆ ಕೂತಿದ್ದಾಳೆ ಅಂತ ನಿಮ್ಮ ದೊಡ್ಡಮ್ಮನಿಗೆ ಒಂದೇ ನಗು. ನೀನು ಮೊಬೈಲಿಗೆ ಕಳಿಸಿದ ಸ್ಕ್ರೀನಿನ ಚಿತ್ರವನ್ನೂ ನೋಡಿದೆ. ಹಸಿರು, ಹಳದಿ, ಕೆಂಪು ಚುಕ್ಕೆಗಳು, ಒಂದೊಂದು ಚುಕ್ಕೆಯೂ ಒಂದೊಂದು ಗಾಡಿ. ಅದರ ಬಗ್ಗೆಯೇ ನಾಲ್ಕು ಮಾತು ಹೇಳಬೇಕು. ಫೋನಿನಲ್ಲಿ ಹೇಳಿದರೆ "ಹೂಂ ದೊಡ್ಡಪ್ಪ" ಅಂತ ಮುಗಿಸಿಬಿಡುತ್ತೀಯ, ಅದಕ್ಕೇ ಕಾಗದ.

ನಾನು ಪೀಣ್ಯದಲ್ಲಿ ಲಾರಿ ಆಫೀಸು ಇಟ್ಟಿದ್ದ ಕಾಲಕ್ಕೆ ಪಾರ್ಟಿಯವರು "ಚೆನ್ನೈ ಮಾಲು ಈ ವಾರದಲ್ಲಿ ಬಂದರೆ ಆಯ್ತು" ಅನ್ನುತ್ತಿದ್ದರು. ಗೋದಾಮಿನಲ್ಲಿ ಹದಿನೈದು ದಿನಕ್ಕಾಗುವಷ್ಟು ಸ್ಟಾಕು ಇರುತ್ತಿತ್ತು. ಗಾಡಿ ಒಂದು ದಿನ ತಡವಾದರೆ ಯಾರಿಗೂ ಬಿಸಿ ತಟ್ಟುತ್ತಿರಲಿಲ್ಲ. 1999ರ ಕೊನೆಗೆ ನಿಮ್ಮ ಬಿಡದಿಯಲ್ಲೇ ಟೊಯೋಟಾ ಕಾರ್ಖಾನೆ ಶುರುವಾದ ಮೇಲೆ ನಮ್ಮಂಥವರು ಬೇರೆ ಲೆಕ್ಕ ಕಲಿಯಬೇಕಾಯಿತು. ಒಂದೇ ಗಾಡಿ ನಾಲ್ಕಾರು ಸಪ್ಲೈಯರ್‌ಗಳ ಬಾಗಿಲಿಗೆ ಹೇಳಿದ ಹೊತ್ತಿಗೆ ಹೋಗಿ, ಬೇಕಾದಷ್ಟೇ ಮಾಲು ಎತ್ತಿಕೊಂಡು, ಖಾಲಿ ಟ್ರೇ ಇಳಿಸಿ ಬರುವ ಮಿಲ್ಕ್ ರನ್. ಮಾಲು ಖರ್ಚಾದ ಹಾಗೆ "ಇನ್ನಷ್ಟು ಕಳಿಸಿ" ಅಂತ ಸಪ್ಲೈಯರ್ ಕಡೆಗೆ ಹಿಂದಕ್ಕೆ ಹೋಗುವ ಕಾನ್‌ಬಾನ್ ಚೀಟಿ. ಆಗ ಅದು ಕಾಗದದ ಚೀಟಿ. ಈಗ ನಿಮ್ಮ ಲೈನಿನಲ್ಲಿ ಟ್ರೇ ಖಾಲಿಯಾಗುತ್ತಲೇ ಸ್ಕ್ಯಾನರ್ ಓದುತ್ತದೆ, ಸಪ್ಲೈಯರ್ ಕಂಪ್ಯೂಟರಿಗೆ ಆರ್ಡರ್ ಬೀಳುತ್ತದೆ, ಮಾಲು ಗೇಟು ಮುಟ್ಟುವ ಎಷ್ಟೋ ಮೊದಲೇ ಏನೇನು ಬರುತ್ತಿದೆ ಅಂತ ತಿಳಿಸುವ ಎಎಸ್ಎನ್ ನೋಟೀಸು ನಿನ್ನ ಮುಂದೆ ಬರುತ್ತದೆ, ಮಾಲು ಇಳಿಸಲು ಯಾವ ಡಾಕ್ (ಕಟ್ಟೆ), ಎಷ್ಟು ಗಂಟೆ ಅಂತ ಗಾಡಿಗೆ ಸ್ಲಾಟ್ ಸಿಗುತ್ತದೆ.

ಇದನ್ನೆಲ್ಲ ಹಳಿಯುವ ಮುದುಕ ನಾನಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದಾಗ ಡ್ರೈವರುಗಳಿಗೆ ಎಷ್ಟು ರಾತ್ರಿಯ ನಿದ್ದೆ ಉಳಿಯಿತು ಅಂತ ನನಗೆ ಗೊತ್ತು. 2018ರ ಏಪ್ರಿಲ್ 1ಕ್ಕೆ ಮಾಲಿನ ಜೊತೆ ಇರಬೇಕಾದ ಆನ್‌ಲೈನ್ ಸಾಗಣೆ ಚೀಟಿ, ಇ-ವೇ ಬಿಲ್, ಬಂತು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊಟ್ಟಮೊದಲು ಜಾರಿ ಮಾಡಿದ್ದು ನಮ್ಮ ಕರ್ನಾಟಕವೇ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು, ಟೋಲ್ ಚಿಲ್ಲರೆಯ ಜಗಳ ನಿಂತಿತು. ಒಳ್ಳೆಯದೇ ಆಯಿತು.

ಆದರೆ ಗೋದಾಮಿನಲ್ಲಿದ್ದ ಆ ಹದಿನೈದು ದಿನದ ಸ್ಟಾಕು ಎಲ್ಲಿ ಹೋಯಿತು, ಹೇಳು? ಮಾಯವಾಗಿಲ್ಲ. ಸ್ವಲ್ಪ ಸಪ್ಲೈಯರ್ ಶೆಡ್ಡಿನಲ್ಲಿದೆ, ಸ್ವಲ್ಪ ನಿಮ್ಮ ಕಾರ್ಖಾನೆ ಹತ್ತಿರದ ಬಾಡಿಗೆ ಗೋದಾಮಿನಲ್ಲಿದೆ, ಇನ್ನು ಸ್ವಲ್ಪ ರಸ್ತೆ ಬದಿ ನಿಂತ ಲಾರಿಯಲ್ಲಿದೆ. ನೀವು 10:40ಕ್ಕೆ ಸ್ಲಾಟ್ ಕೊಡುತ್ತೀರಿ. ತಪ್ಪಿದರೆ ಟ್ರಾನ್ಸ್‌ಪೋರ್ಟರ್ ಬಿಲ್ಲಿನಲ್ಲಿ ಕಡಿತ. ಆ ಭಯಕ್ಕೆ ಡ್ರೈವರು ಬೆಳಗಿನ ಜಾವವೇ ಬಂದು ಸರ್ವಿಸ್ ರಸ್ತೆಯಲ್ಲಿ ಗಾಡಿ ಹಾಕಿಕೊಂಡಿರುತ್ತಾನೆ. ಅಲ್ಲಿ ಕಕ್ಕಸು ಇರಲ್ಲ, ನೀರು ಇರಲ್ಲ. ಹೇಳಿದ ಹೊತ್ತಿಗೇ ಒಳಗೆ ಬಿಟ್ಟರು ಅಂತಿಟ್ಟುಕೋ, ಫೋರ್ಕ್‌ಲಿಫ್ಟ್ ಬೇರೆ ಡಾಕಿಗೆ ಹೋಗಿರುತ್ತದೆ. ಮಾಲು ಇಳಿದು, ಮುಟ್ಟಿತು ಅನ್ನುವ ಪಿಒಡಿ ಚೀಟಿಗೆ ಸಹಿ ಬೀಳುವಾಗ ಸಂಜೆ. ಅಷ್ಟು ಹೊತ್ತಿಗೆ ಸಿಟಿಯೊಳಗೆ ಭಾರಿ ಗಾಡಿ ಬಿಡದ ಸಮಯ ಶುರುವಾಗಿರುತ್ತದೆ, ವಾಪಸು ದಾರಿಗೆ ಮಾತಾಡಿಟ್ಟಿದ್ದ ರಿಟರ್ನ್ ಲೋಡೂ ಕೈಬಿಟ್ಟುಹೋಗುತ್ತದೆ. ಇಷ್ಟಾದರೂ ನಿನ್ನ ಸ್ಕ್ರೀನಿನಲ್ಲಿ ಆ ಗಾಡಿ ಇಡೀ ದಿನ ಹಸಿರು ಚುಕ್ಕೆ, ತಡವೇ ಇಲ್ಲ ಅಂತ!

ನಾನು ಹೇಳುವುದು ಇಷ್ಟೇ. ಗಾಡಿ ಎಷ್ಟು ನಿಮಿಷ ತಡವಾಗಿ ಬಂತು ಅಂತ ನಿಮ್ಮವರು ತಿಂಗಳು ತಿಂಗಳು ವರದಿ ತೆಗೆಯುತ್ತಾರೆ. ಗೇಟಿನ ಹತ್ತಿರ ಬಂದ ಮೇಲೆ ಎಷ್ಟು ಹೊತ್ತು ನಿಂತಿತು ಅನ್ನುವುದನ್ನೂ ನೀನು ತೆಗೆಸು. ಜಿಪಿಎಸ್‌ಗೆ ಅದು ಗೊತ್ತು, ಯಾರೂ ಕೇಳುವುದಿಲ್ಲ ಅಷ್ಟೆ. ಗೇಟಿಗೆ ಬಂದದ್ದು, ಒಳಗೆ ಬಿಟ್ಟದ್ದು, ಇಳಿಸಿ ಮುಗಿದದ್ದು, ಹೊರಗೆ ಹೋದದ್ದು, ಈ ನಾಲ್ಕು ಹೊತ್ತನ್ನು ಬೇರೆ ಬೇರೆ ಬರೆಸು. ಇಷ್ಟು ಗಂಟೆ ದಾಟಿದರೆ ಕಾದದ್ದಕ್ಕೆ ಹಾಲ್ಟಿಂಗ್ ದುಡ್ಡು ಕೊಡುತ್ತೇವೆ ಅಂತ ಕರಾರಿನಲ್ಲೇ ಹಾಕಿಸು. ಮೇಲಿನವರು ಒಪ್ಪದಿದ್ದರೆ ಡ್ರೈವರ ಕಷ್ಟ ಹೇಳಿ ಕರಗಿಸಲು ಹೋಗಬೇಡ, ಅದು ಆಗುವ ಮಾತಲ್ಲ. ಇ-ವೇ ಬಿಲ್ ತೋರಿಸು. ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಚೆನ್ನೈನಿಂದ ಬಿಡದಿಗೆ ಎರಡು ದಿನ ಸಿಗುತ್ತದೆ. ಶುಕ್ರವಾರ ಸಂಜೆ ಬಿಲ್ ಹಾಕಿ ಹೊರಟ ಗಾಡಿ ಶನಿವಾರ ಸಂಜೆ ಬಂದು, ನೀವು "ಸೋಮವಾರ ನೋಡೋಣ" ಅಂದರೆ, ಭಾನುವಾರ ನಡುರಾತ್ರಿಗೆ ಅದರ ಅವಧಿ ಮುಗಿಯಿತು. ವಿಸ್ತರಿಸಬೇಕಾದರೆ ಮುಗಿಯುವ ಮುಂಚಿನ 8 ಗಂಟೆಯೊಳಗೆ ಇಲ್ಲವೇ ಮುಗಿದ ಮೇಲಿನ 8 ಗಂಟೆಯೊಳಗೆ. ಸೋಮವಾರ ಬೆಳಗ್ಗೆ ಎಂಟಾದ ಮೇಲೆ ನಿಮ್ಮ ಮಾಲು ರಸ್ತೆಯಲ್ಲಿ ಸಿಕ್ಕಿಬಿದ್ದರೆ ತೆರಿಗೆಯ ಎರಡರಷ್ಟು ದಂಡ ಕೇಳುವ ಕಲಮು ಇದೆ. ಈ ಮಾತು ಹೇಳು, ಫೈನಾನ್ಸಿನವರು ತಾವೇ ಡಾಕ್ ತೆರೆಸುತ್ತಾರೆ.

ಬೆಳಗಿನ ಜಾವದಿಂದ ಸಂಜೆತನಕ ಹೀಗೆ ಕಾಯುವ ಡ್ರೈವರಿಗೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಅಂತ 1961ರ ಕಾನೂನಿನಲ್ಲೇ ಬರೆದಿದ್ದರು. ಯಾರು ಪಾಲಿಸಿದರೋ ದೇವರೇ ಬಲ್ಲ.

ಇನ್ನು ಮ್ಯಾಪು. ಫೋನಿನ ಮ್ಯಾಪು ಹೇಳುವುದು ಕಾರು ಹೋಗುವ ಹೊತ್ತು, ತುಂಬಿದ ಲಾರಿಯದ್ದಲ್ಲ. 2021ರ ಡಿಸೆಂಬರಿನಲ್ಲಿ ಒಳಗಿನ ಉಕ್ಕಿನ ತಂತಿ ಕೆಟ್ಟಿದೆ ಅಂತ ತುಮಕೂರು ರಸ್ತೆಯ ಪೀಣ್ಯ ಫ್ಲೈಓವರ್ ಮುಚ್ಚಿದರು. ಒಂದೆರಡು ತಿಂಗಳಿಗೆ ಕಾರುಗಳನ್ನು ಬಿಟ್ಟರು. ಭಾರಿ ಗಾಡಿಗಳನ್ನು ಬಿಟ್ಟಿದ್ದು 2024ರ ಜುಲೈ ಕೊನೆಗೆ. ಅಷ್ಟು ಕಾಲವೂ ಕಾರಿನ ಮ್ಯಾಪಿಗೆ ಮೇಲಿನ ದಾರಿ ಸಲೀಸು, ಲಾರಿಗೆ ಕೆಳಗಿನ ಗೊರಗುಂಟೆಪಾಳ್ಯದ ಜಂಜಾಟ. ತುಮಕೂರು ರಸ್ತೆಯಿಂದ ಬರುವ ಗಾಡಿಗೆ ಸ್ಲಾಟ್ ಹಾಕುವಾಗ ನಿಮ್ಮದೇ ಗಾಡಿಗಳ ಹಳೆಯ ಟ್ರಿಪ್ಪುಗಳ ಸಮಯ ತೆಗೆದು ನೋಡು. ಸಾಧ್ಯವಾದರೆ ಒಂದು ಸಲ ಕ್ಯಾಬಿನ್ನಿನಲ್ಲಿ ಕೂತು ಬಾ. ಈಗಿನ ಹೊಸ ಲಾರಿಗಳಲ್ಲಿ ಎ.ಸಿ. ಕೂಡ ಬರುತ್ತದಲ್ಲ, ನೆಪ ಹೇಳಬೇಡ.

ಕೊನೆಗೆ ಸಣ್ಣವರ ಮಾತು. ಪೀಣ್ಯದ ಅಡ್ಡರಸ್ತೆಗಳಲ್ಲಿ ಆರೇಳು ಮೆಷಿನ್ ಇಟ್ಟುಕೊಂಡು ನಿಮಗೆ ಬುಷ್, ಬ್ರಾಕೆಟ್ ಅಂಥ ಸಣ್ಣ ಬಿಡಿಭಾಗ ಮಾಡಿಕೊಡುವವರಿದ್ದಾರೆ. ಅವರಿಗೆ ನಿಮ್ಮ ಸಾಫ್ಟ್‌ವೇರಿಗೆ ಜೋಡಿಸುವ ಕಂಪ್ಯೂಟರೂ ಇಲ್ಲ, ಅದನ್ನು ನೋಡಿಕೊಳ್ಳುವ ಹುಡುಗನೂ ಇಲ್ಲ. ಮಾಲಿಕನೇ ಮೆಷಿನ್ ಮುಂದೆ ನಿಂತಿರುತ್ತಾನೆ. ಎಎಸ್ಎನ್ ಹಾಕಿಲ್ಲ ಅಂತ ಅಂಥವನ ಗಾಡಿಯನ್ನು ಗೇಟಿನಿಂದ ವಾಪಸ್ ಕಳಿಸುವ ನಿಯಮ ಮಾಡಬೇಡಿ. ಫೋನಿನಲ್ಲಿ ಚಲನ್ ಫೋಟೋ ಹೊಡೆದು ಕಳಿಸಿದರೆ ಸಾಕು ಅನ್ನುವಂಥ ಏರ್ಪಾಡು ಮಾಡು, ಎಂಟ್ರಿ ನಿಮ್ಮವರೇ ಮಾಡಿಕೊಳ್ಳಲಿ. ಅವನ ಪುಟ್ಟ ಬುಷ್ ಬರದಿದ್ದರೂ ನಿಲ್ಲುವುದು ನಿಮ್ಮ ದೊಡ್ಡ ಲೈನೇ.

ದೀಪಾವಳಿಗೆ ಬರುವಾಗ ಒಂದು ತಿಂಗಳ ಗೇಟಿನ ಲೆಕ್ಕ ತೆಗೆದುಕೊಂಡು ಬಾ. ಕಂಪನಿಯ ಗುಟ್ಟು, ಕೊಡಬಾರದು ಅಂತಿದ್ದರೆ ಹೆಸರು, ನಂಬರು ಅಳಿಸಿ ತಾ. ನನಗೆ ಬೇಕಾದ್ದು ಹೊತ್ತು ಮಾತ್ರ. ನಿಮ್ಮಮ್ಮನಿಗೆ ಮಂಡಿನೋವು ಹೇಗಿದೆ ಅಂತ ಬರಿ.

ಇಂತಿ ನಿನ್ನ
ದೊಡ್ಡಪ್ಪ