ಚಾಕಲೇಟ್ ತರ್ತೀನಿ ಅಂತ ಹೇಳಿ ಹೊರಟವರಿಗೆ

ಕಳೆದ ಭಾನುವಾರ ನಮ್ಮ ಸಿನಿಮಾದ ಮೊದಲ ಪ್ರದರ್ಶನ ಮುಗಿಯಿತು. 60 ಸೀಟಿನ ಹಾಲ್, ಹಿಂದೆ ಹತ್ತು ಹನ್ನೆರಡು ಜನ ನಿಂತೇ ನೋಡಿದರು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಗು ನೋಡಿಕೊಳ್ಳುವ ಆಯಾ ಒಬ್ಬಳ ಕಥೆಗೆ ಜನ ನಗುತ್ತಾರಾ ಅನ್ನೋ ಭಯ ನನಗೆ ಕೊನೆಯವರೆಗೂ ಇತ್ತು. ಮೈಸೂರಿನ ತಾತನಿಗೆ ವಿಡಿಯೋ ಕಾಲ್‌ನಲ್ಲಿ ಪಾಪು ‘ತಾತಾ, ಉಂಡ್ಯೇನು?’ ಅಂತ ಅಪ್ಪಟ ರಾಯಚೂರು ಧಾಟಿಯಲ್ಲಿ ಕೇಳಿದಾಗ ಇಡೀ ಹಾಲ್ ನಕ್ಕಿತು. ಆಗ ಉಸಿರು ಬಂತು.

ದುಡ್ಡು ಹಾಕಿದ ಗೆಳೆಯರು, ಸಂಬಳ ತಡವಾದರೂ ಕೈಬಿಡದ ಕ್ಯಾಮೆರಾ ಮತ್ತು ಎಡಿಟಿಂಗ್ ಹುಡುಗರು, 18 ದಿನ ಮನೆ ಬಿಟ್ಟುಕೊಟ್ಟ ಗೆಳತಿ, ನೀರಿನ ಟ್ಯಾಂಕರ್ ಸದ್ದು ನಿಲ್ಲೋವರೆಗೂ ಕಾಯ್ತಾ ಕೂತಿದ್ದ ಸೌಂಡ್ ರೆಕಾರ್ಡಿಸ್ಟ್, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಪಾಪುವಿನ ಅಪ್ಪ ಅಮ್ಮನಿಗೂ.

ಈಗ ಶೂಟಿಂಗಿನಲ್ಲಿ ಪಾಪುವನ್ನು ನೋಡಿಕೊಂಡ ಅಕ್ಕನ ವಿಷಯ. ಹೆಸರು ಇಲ್ಲಿ ಬರೆಯಬೇಡಿ ಅಂದಿದ್ದಾರೆ, ಈಗ ಕೆಲಸ ಮಾಡುವ ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ.

ಚಿಕ್ಕ ಮಕ್ಕಳನ್ನು ಶೂಟಿಂಗಿಗೆ ಕರೆಸಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ. ಮಗುವಿನ ಜವಾಬ್ದಾರಿಗೆ ಅಂತಲೇ ಒಬ್ಬರು ಇರಬೇಕು. ಆ ಒಬ್ಬರಾಗಿ ಬಂದವರು ಅಕ್ಕ. ಸಿಂಧನೂರು ಕಡೆಯವರು, 14 ವರ್ಷದಿಂದ ಈ ಊರಲ್ಲಿ ಬೇರೆಯವರ ಮಕ್ಕಳನ್ನು ಬೆಳೆಸಿದ್ದಾರೆ. ಪಾಪುವಿನ ಗಂಟೆ ಲೆಕ್ಕ ಅವರೇ ಇಡುತ್ತಿದ್ದರು. ಅವರದೇ ಕೆಲಸಕ್ಕೆ ಯಾವತ್ತೂ ಗಂಟೆಯ ಲೆಕ್ಕ ಇರಲಿಲ್ಲ. ಮನೆಗೆಲಸಕ್ಕೂ ಸರ್ಕಾರ ಕನಿಷ್ಠ ಕೂಲಿ ಗೊತ್ತು ಮಾಡಿದೆ, ಕರ್ನಾಟಕದಲ್ಲಿ 2004ರಲ್ಲೇ ಮಾಡಿತ್ತು ಅಂತ ನಾನು ಹೇಳಿದಾಗ, ‘ಹೌದೇನ್ರಿ? ಯಾರಿಗ ಕೊಟ್ಟಾರ?’ ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ.

ಶೂಟಿಂಗಿನ 12ನೇ ದಿನದ ರಾತ್ರಿ ಅಪ್ಪ ಐಸಿಯುನಲ್ಲಿದ್ದರು. ತಮ್ಮ ಇನ್ನೂ ವಿಮಾನದಲ್ಲಿದ್ದ, ಗಂಡ ಮನೆಯಲ್ಲಿ ಅಮ್ಮನ ಜೊತೆ. ಐಸಿಯು ಹೊರಗಿನ ಬೆಂಚಿನಲ್ಲಿ ನಾನೊಬ್ಬಳೇ. ಹನ್ನೊಂದರ ಹೊತ್ತಿಗೆ ಅಕ್ಕ ಬಂದರು. ನಾನು ಕರೆದಿರಲಿಲ್ಲ. ಪಾಪುವನ್ನು ಅವಳ ಅಮ್ಮನ ಕೈಗೆ ಕೊಟ್ಟು, ಎರಡು ಬಸ್ಸು ಬದಲಿಸಿ, ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಿಡ್ಕೊಂಡು ಬಂದಿದ್ದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ರೊಟ್ಟಿ ಮುರಿದು ಕೈಗಿಟ್ಟರು, ನಾನು ತಿಂದೆ.

ಮೂರು ಗಂಟೆ ಆಗಿತ್ತೇನೋ, ಸುಮ್ನೆ ಮಾತಿಗೆ ಅನ್ನೋ ಹಾಗೆ ಸಿನಿಮಾದ ಕೊನೆಯ ಸೀನ್ ತೆಗೆದರು. ಕೆಲಸ ಬಿಟ್ಟು ಹೊರಡುವ ಆಯಾ ಮಗುವನ್ನು ತಬ್ಬಿಕೊಂಡು ಅಳುತ್ತಾಳೆ ಅಂತ ನಾನು ಬರೆದಿದ್ದೆ. ‘ಅಕ್ಕಾರ, ನಾವು ಹಂಗ ಅಳಂಗಿಲ್ರಿ. ಅತ್ರ ಕೂಸು ಹೆದರ್ತದ. ಚಾಕಲೇಟ್ ತರ್ತೀನಿ ಅಂತ ಹೇಳಿ ಚಪ್ಪಲಿ ಹಾಕ್ಕೊಂಡು ಬರ್ತೀವಿ. ಹೊಳ್ಳಿ ಹೋಗಂಗಿಲ್ಲ.’ ಮೂರು ತಿಂಗಳ ಕೂಸಿನಿಂದ ನಾಲ್ಕು ವರ್ಷದವರೆಗೆ ಸಾಕಿದ ಒಂದು ಮಗುವಿಗೆ ಮಾತ್ರ ನಿಜವಾಗ್ಲೂ ಚಾಕಲೇಟ್ ಕೊಂಡು ವಾಪಸ್ ಹೋಗಿದ್ದರಂತೆ. ಅಷ್ಟೊತ್ತಿಗೆ ಅಪಾರ್ಟ್‌ಮೆಂಟಿನ ಪಾಸ್ ಕಾರ್ಡ್ ವಾಪಸ್ ಕೊಟ್ಟಾಗಿತ್ತು, ಗೇಟಿನಲ್ಲಿ ಒಳಗೆ ಬಿಡಲಿಲ್ಲ.

ಹಿಂದಿನ ಸಂಜೆ ಐಸಿಯು ಒಳಗೆ ಕರ್ಕೊಂಡು ಹೋಗುವಾಗ ಅಪ್ಪ ನನಗೆ ‘ನಾಳೆ ಮನೆಗೆ ಬರ್ತೀನಲ್ಲ, ನೀನು ಶೂಟಿಂಗಿಗೆ ಹೋಗು’ ಅಂದಿದ್ದರು. ಬೆಳಗಿನ ಐದೂವರೆಗೆ ಡಾಕ್ಟರ್ ಹೊರಗೆ ಬಂದರು. ನನಗೆ ಎದ್ದು ನಿಲ್ಲೋಕಾಗಲಿಲ್ಲ. ಅಕ್ಕ ಎದ್ದು ನಿಂತು ಅವರ ಮಾತು ಕೇಳಿಸಿಕೊಂಡರು, ಆಮೇಲೆ ಬಂದು ನನಗೆ ಹೇಳಿದರು. ಅದನ್ನು ಬೇರೆ ಯಾರ ಬಾಯಲ್ಲಿ ಕೇಳಿದ್ದರೂ ನನಗೆ ತಡೆಯೋಕೆ ಆಗುತ್ತಿರಲಿಲ್ಲ.

ಎರಡು ವಾರ ಬಿಟ್ಟು ಮತ್ತೆ ಶೂಟಿಂಗ್ ಶುರು ಮಾಡಿದೆವು. ಕೊನೆಯ ಸೀನ್ ಅಕ್ಕ ಹೇಳಿದ ಹಾಗೇ ತೆಗೆದೆವು. ಬಾಗಿಲು, ಚಪ್ಪಲಿ, ಒಂದು ಮಾತು, ಅಷ್ಟೇ. ಆ ಹೊತ್ತಿಗೆ ಹಾಲ್‌ನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಕ್ಕ ಪಾಪುವನ್ನು ತೊಡೆ ಮೇಲೆ ಕೂರಿಸಿಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದರು. ಟೈಟಲ್‌ನಲ್ಲಿ ಬರವಣಿಗೆ ಅಂತ ನನ್ನ ಹೆಸರಿನ ಪಕ್ಕ ಅವರ ಹೆಸರಿದೆ. ಅದಕ್ಕೆ ತಕ್ಕ ಹಣವನ್ನೂ ಕೊಟ್ಟಿದ್ದೇವೆ, ಅದು ಉಪಕಾರವಲ್ಲ.

ಅಕ್ಕ, ಇದನ್ನು ನಿಮ್ಮ ಮಗ ಓದಿ ಹೇಳ್ತಾನೆ ಅಲ್ವಾ. ಆ ರಾತ್ರಿಯ ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ. ಖಾಲಿ ಡಬ್ಬಿ ಕೊಡಬಾರದು ಅಂತ ಅಮ್ಮ ಶನಿವಾರ ಹೋಳಿಗೆ ಮಾಡ್ತಾರಂತೆ. ಭಾನುವಾರ ತರ್ತೀನಿ, ಮನೆಯಲ್ಲೇ ಇರಿ.